ಕಂದ, ಮಟ್ಟು, ಕಾಲು ಹಾರ್ಮೋನಿಯಂ: ಹಾಡುವ ನಾಟಕ ಬಂದ ದಾರಿ

ಸುಗ್ಗಿ ಮುಗಿದು ಕಣ ಖಾಲಿಯಾಯಿತೆಂದರೆ ಮಂಡ್ಯ ಸೀಮೆಯಲ್ಲಿ ಕುರುಕ್ಷೇತ್ರ ನಾಟಕದ ಕಾಲ. ಊರಹಬ್ಬ, ಜಾತ್ರೆ, ಶಿವರಾತ್ರಿ, ನೆಪ ಯಾವುದೇ ಇರಲಿ, ರಾತ್ರಿ ಒಂಬತ್ತಕ್ಕೋ ಹತ್ತಕ್ಕೋ ಪರದೆ ಎದ್ದರೆ ಮಂಗಳ ಹಾಡುವ ಹೊತ್ತಿಗೆ ಜನ ಡೇರಿಗೆ ಹಾಲು ಹಾಕಲು ಹೊರಟಿರುತ್ತಾರೆ. ಊರುಗಳಿಗೆ ಹೋಗಲಾಗದವರಿಗೆ ಮಂಡ್ಯದ ಕಲಾಮಂದಿರವಿದೆ, ಮೈಸೂರಿನ ಪುರಭವನವಿದೆ. ನೋಡಿ ಬಂದವರು ಮಾರನೆಯ ದಿನ ಕಥೆಯ ಮಾತೆತ್ತುವುದಿಲ್ಲ. ಕಥೆ ಎಲ್ಲರಿಗೂ ಗೊತ್ತಿರುವುದೇ. "ಎರಡನೇ ಕೃಷ್ಣ ಚೆನ್ನಾಗಿ ಹಾಡ್ದ ಕಣಯ್ಯ", "ಕರ್ಣಂಗೆ ಶ್ರುತಿ ಸೇರಲಿಲ್ಲ", ಮಾತೆಲ್ಲ ಹೀಗೆ ಹಾಡಿನ ಸುತ್ತಲೇ.

ಇದನ್ನು ಹಳ್ಳಿಯವರ ಡ್ರಾಮಾ ಎಂದು ಪಕ್ಕಕ್ಕಿಟ್ಟು, ಸಂಗೀತ ನಾಟಕವೆಂದರೆ ಲಂಡನ್ನು, ನ್ಯೂಯಾರ್ಕು ಎಂದುಕೊಳ್ಳುವವರು ಮೈಸೂರಿನಲ್ಲೂ ಬೇಕಾದಷ್ಟು ಜನ ಇದ್ದಾರೆ. ಎರಡೂ ಕಡೆಯ ಹುಟ್ಟನ್ನು ಹತ್ತಿರದಿಂದ ನೋಡಿದರೆ ಇಬ್ಬರೂ ಹೆಣಗಿದ್ದು ಒಂದೇ ಪ್ರಶ್ನೆಯ ಜೊತೆ. ಇಷ್ಟು ಹೊತ್ತು ಮಾತಾಡುತ್ತಿದ್ದ ಮನುಷ್ಯ ಇದ್ದಕ್ಕಿದ್ದಂತೆ ಹಾಡತೊಡಗಿದರೆ ಎದುರಿಗೆ ಕೂತವರು ಅದನ್ನು ಯಾಕೆ ಒಪ್ಪಬೇಕು? ಮಾತು ಮತ್ತು ಹಾಡಿನ ನಡುವಿನ ಆ ಸಂದನ್ನು ಯಾರು ಹೇಗೆ ಬೆಸೆದರು ಎಂದು ಹುಡುಕುತ್ತ ಹೋದರೆ ಈ ಕಲೆಯ ಚರಿತ್ರೆಯೆಲ್ಲ ಅಲ್ಲೇ ಸಿಗುತ್ತದೆ ಎಂಬುದು ನನ್ನ ನಂಬಿಕೆ.

ಈ ಪ್ರಶ್ನೆಗೆ ನಮಗೆ ಸಿಕ್ಕಿರುವ ಹಳೆಯ ಉತ್ತರ ಭರತನ ನಾಟ್ಯಶಾಸ್ತ್ರದ 32ನೆಯ ಅಧ್ಯಾಯದಲ್ಲಿದೆ. ನಾಟಕದ ನಡುವೆ ಹಾಡುವ ಹಾಡುಗಳನ್ನು ಅವನು ಧ್ರುವಾ ಎನ್ನುತ್ತಾನೆ. ಅವು ಮಾಡುವ ಕೆಲಸದ ಮೇಲೆ ಐದು ಬಗೆ. ಪಾತ್ರ ಒಳಗೆ ಬರುವಾಗಿನದು ಪ್ರಾವೇಶಿಕೀ, ಹೊರಗೆ ಹೋಗುವಾಗಿನದು ನೈಷ್ಕ್ರಾಮಿಕೀ. ನಡೆಯುತ್ತಿರುವ ಭಾವವನ್ನು ತಟ್ಟನೆ ಮುರಿದು ಇನ್ನೊಂದಕ್ಕೆ ತಿರುಗಿಸುವುದು ಆಕ್ಷೇಪಿಕೀ. ಹಾಗೆ ಕದಡಿದ ಮನಸ್ಸನ್ನು ತಿಳಿಗೊಳಿಸುವುದು ಪ್ರಾಸಾದಿಕೀ. ಐದನೆಯದು ಆಂತರಾ. ಪಾತ್ರ ಮೂರ್ಛೆ ಹೋದಾಗ, ಸಿಟ್ಟಿನಲ್ಲೋ ಅಮಲಿನಲ್ಲೋ ಇದ್ದಾಗ, ಮತ್ತು ರಂಗದ ಮೇಲೆ ಏನಾದರೂ ತಪ್ಪಾದಾಗ ಅದನ್ನು ಮುಚ್ಚಲು ಹಾಡುವ ಹಾಡು ಇದು. ನಟರ ಜೊತೆ ದಿನಗಟ್ಟಲೆ ಓಡಾಡಿದವನಿಗೆ ಮಾತ್ರ ಈ ಐದನೆಯದು ಹೊಳೆಯಲು ಸಾಧ್ಯ. ಇನ್ನೊಂದು ವಿಷಯವನ್ನೂ ಗಮನಿಸಬೇಕು. ಆ ರಂಗಭೂಮಿಯಲ್ಲಿ ಧ್ರುವಾ ಹಾಡುವ ಹೊಣೆ ಮುಖ್ಯವಾಗಿ ವಾದ್ಯದವರ ಜೊತೆ ಕೂತ ಗಾಯಕರದು. ನಟನ ಬಾಯಿ ಮಾತಿನದು, ಹಾಡು ಬೇರೆ ಬಾಯಿಯದು. ಹಾಗಾಗಿ "ಇವನು ಯಾಕೆ ಹಾಡುತ್ತಿದ್ದಾನೆ" ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ನಮ್ಮ ಮೂಡಲಪಾಯ ಯಕ್ಷಗಾನ ಈಗಲೂ ಇದೇ ಜಾಡಿನಲ್ಲಿದೆ. ಮಂಡ್ಯ, ತುಮಕೂರು, ಹಾಸನ ಕಡೆಯ ಈ ಆಟದಲ್ಲಿ ಪದ ಎತ್ತಿಕೊಡುವುದು ಹಿಮ್ಮೇಳದ ಭಾಗವತರು. ಜೊತೆಗೆ ಮದ್ದಳೆ, ತಾಳ, ಮುಖವೀಣೆ. ಆ ಮುಖವೀಣೆಯ ಚೂಪು ದನಿ ಬಯಲಿನಲ್ಲಿ ಬಹು ದೂರ ಹೋಗುತ್ತದೆ. ಪಾತ್ರಧಾರಿ ಪದಕ್ಕೆ ಕುಣಿದು, ಪದ ಮುಗಿದ ಮೇಲೆ ಅದರ ಅರ್ಥವನ್ನು ಗತ್ತಿನ ಮಾತಿನಲ್ಲಿ ಬಿಚ್ಚುತ್ತಾನೆ. ಮೊದಲ ಪ್ರವೇಶದಲ್ಲಿ ಸಾರಥಿ ಎದುರು ನಿಂತು "ತಾವು ಧಾರು, ತಮ್ಮ ನಾಮಾಂಕಿತವೇನು" ಎಂಬ ರೀತಿಯಲ್ಲಿ ಕೇಳಬೇಕು, ಅವನು ಹೇಳಬೇಕು. ಭರತನ ಪ್ರಾವೇಶಿಕೀ ಕರಿಭಂಟನ ಕಾಳಗದ ಕರಿಭಂಟ ಬರುವಾಗ ಹೀಗೆ ಕಾಣುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರಿನಲ್ಲಿ ಅಳಿಯ ಲಿಂಗರಾಜರಂಥವರು ಯಕ್ಷಗಾನ ಪ್ರಸಂಗಗಳನ್ನು ಬರೆಯುತ್ತಿದ್ದರು ಎಂಬುದನ್ನು ನೆನೆದರೆ, ಅರಮನೆಗೂ ಬಯಲಿಗೂ ಆಗ ಇದ್ದ ದೂರ ನಾವು ಅಂದುಕೊಂಡಷ್ಟಿರಲಿಲ್ಲ.

ಇಟಲಿಯ ಫ್ಲಾರೆನ್ಸಿನವರು ಇದೇ ಗಂಟನ್ನು ಇನ್ನೊಂದು ತುದಿಯಿಂದ ಬಿಚ್ಚಲು ಹೋದರು. ಹದಿನಾರನೆಯ ಶತಮಾನದ ಕೊನೆಯಲ್ಲಿ ಅಲ್ಲಿನ ವಿದ್ವಾಂಸರ ಕೂಟಕ್ಕೆ ಹಳೆಯ ಗ್ರೀಕ್ ದುರಂತ ನಾಟಕಗಳನ್ನು ಪೂರ್ತಿ ಹಾಡುತ್ತಿದ್ದರು ಎಂಬ ನಂಬಿಕೆ ಬಂತು. ಹಾಗಾದರೆ ಮಾತನ್ನೇ ಹಾಡಿಬಿಡೋಣ ಎಂದು ಹೊರಟರು. ಆಪೆರಾ ಹುಟ್ಟಿದ್ದು ಹೀಗೆ. ಯಾಕೊಪೊ ಪೆರಿ 1598ರ ಸುಮಾರಿಗೆ ಮಾಡಿದ ದಾಫ್ನೆಯ ಸಂಗೀತ ಬಹುಪಾಲು ಕಳೆದುಹೋಗಿದೆ. 1600ರಲ್ಲಿ ಮೆದಿಚಿ ಮನೆತನದ ಮದುವೆಗೆ ಆಡಿದ ಅವನ ಯೂರಿಡಿಚೆ ಉಳಿದಿದೆ. ಅದರ ಮುನ್ನುಡಿಯಲ್ಲಿ ಪೆರಿ ತನ್ನ ಉಪಾಯವನ್ನು ವಿವರಿಸುತ್ತಾನೆ: ಮಾತಿಗೂ ಹಾಡಿಗೂ ನಡುವಿನ ಒಂದು ನಡೆ ಬೇಕು, ಕೆಳಗಿನ ಮಂದ್ರ ಸ್ವರವನ್ನು ಅಲುಗಿಸದೆ ಹಿಡಿದಿಟ್ಟು, ಅದರ ಮೇಲೆ ದನಿಯನ್ನು ಮಾತಿನ ವೇಗದಲ್ಲೇ ಓಡಿಸಬೇಕು. 1607ರಲ್ಲಿ ಮಾಂಟೆವರ್ಡಿ ಮಾಂಟುವಾದ ಅರಮನೆಗಾಗಿ ಮಾಡಿದ ಓರ್ಫಿಯೋದಲ್ಲಿ ಈ ನಡೆಗೆ ಜೀವ ಬಂತು. 1637ರಲ್ಲಿ ವೆನಿಸ್ಸಿನ ಸಾನ್ ಕಾಸಿಯಾನೋ ರಂಗಮಂದಿರ ಟಿಕೆಟ್ ಇಟ್ಟು ಬಾಗಿಲು ತೆರೆದ ಮೇಲೆ ಅರಮನೆಯ ಕಲೆ ಪೇಟೆಗಿಳಿಯಿತು.

ಪೆರಿ ಹೇಳಿದ ಆ ಉಪಾಯ ನಮಗೆ ಹೊಸದಲ್ಲ. ಶ್ರುತಿ ಹಿಡಿದಿಟ್ಟು, ತಾಳ ಬಿಟ್ಟು, ಮಾತಿನ ಓಟದಲ್ಲೇ ಪದ್ಯ ಹೇಳುವುದನ್ನು ನಮ್ಮವರು ಕಂದವೆಂಬ ನಾಲ್ಕು ಸಾಲಿನ ಪದ್ಯದಲ್ಲಿ ಮಾಡುತ್ತಾರೆ. ಮೊದಲು ಅದು ನಾಟಕಕ್ಕೆ ಬಂದ ಬಗೆ ಹೇಳಬೇಕು.

ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ನಾಟಕ ಮಿತ್ರವಿಂದಾ ಗೋವಿಂದ, ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ ಸಿಂಗರಾರ್ಯ ಬರೆದದ್ದು, ಹರ್ಷನ ರತ್ನಾವಳಿಯ ರೂಪಾಂತರ. ಅದಾದ ಮೇಲೆ ಬಹುಕಾಲ ಬರವಣಿಗೆಯ ನಾಟಕ ಸದ್ದು ಮಾಡಲಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮರಾಠಿ ಮತ್ತು ಪಾರ್ಸಿ ನಾಟಕ ಕಂಪನಿಗಳು ಮೈಸೂರಿಗೆ ಬಂದು ಆಡಿಹೋದವು. ಬಣ್ಣದ ಪರದೆ, ಪಕ್ಕದ ವಿಂಗು, ಹಿಂದೂಸ್ಥಾನಿ ಧಾಟಿಯ ಹಾಡು ಎಲ್ಲ ಅವರ ಜೊತೆ ಬಂದವು. 1881ರಲ್ಲಿ ಅಧಿಕಾರಕ್ಕೆ ಬಂದ ಚಾಮರಾಜೇಂದ್ರ ಒಡೆಯರ್ ಇಂಥದ್ದು ಕನ್ನಡದಲ್ಲೂ ಇರಬೇಕೆಂದು ಅರಮನೆಯ ಆಶ್ರಯದಲ್ಲೇ ನಾಟಕ ಸಭೆ ಕಟ್ಟಿಸಿದರು. 'ಕಾಯೌ ಶ್ರೀಗೌರಿ' ಬರೆದ ಬಸವಪ್ಪ ಶಾಸ್ತ್ರಿಗಳು ಅದಕ್ಕಾಗಿ ಶಾಕುಂತಲವನ್ನು ಕನ್ನಡಕ್ಕೆ ತಂದರು, ಅಭಿನವ ಕಾಳಿದಾಸ ಎನಿಸಿಕೊಂಡರು. ಸಂಸ್ಕೃತದ ಶ್ಲೋಕ ಇದ್ದಲ್ಲಿ ಕನ್ನಡದ ಕಂದ, ವೃತ್ತ ಕೂತವು.

ಇಲ್ಲಿ ಒಂದು ಸುತ್ತು ಬಳಸಿದ ಸಂಗತಿ ಇದೆ. ಮರಾಠಿ ರಂಗಭೂಮಿಯ ಮೊದಲಿಗರೆನ್ನುವ ಸಾಂಗ್ಲಿಯ ವಿಷ್ಣುದಾಸ ಭಾವೆ 1843ರಲ್ಲಿ ಸೀತಾಸ್ವಯಂವರ ಆಡಿಸಿದ್ದು ಕನ್ನಡ ನಾಡಿನ ಭಾಗವತರ ಮೇಳದ ಆಟದಿಂದ ಪ್ರೇರಣೆ ಪಡೆದು. 1880ರಲ್ಲಿ ಪುಣೆಯಲ್ಲಿ ಸಂಗೀತ ಶಾಕುಂತಲ ಆಡಿ ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ನಮ್ಮ ಬಯಲಾಟ ಸಾಂಗ್ಲಿಗೆ ಹೋಗಿ, ಪರದೆ ಕಟ್ಟಿಕೊಂಡು, ಮೈಸೂರಿಗೆ ವಾಪಸು ಬಂತು.

ಕಂಪನಿಗಳು ಬಂದ ಮೇಲೆ ಆದ ದೊಡ್ಡ ಬದಲಾವಣೆಯೆಂದರೆ ಹಾಡು ಭಾಗವತರ ಬಾಯಿಂದ ನಟನ ಬಾಯಿಗೆ ದಾಟಿದ್ದು. ದುಷ್ಯಂತನಾದವನು ದುಷ್ಯಂತನಾಗಿಯೇ ಹಾಡಬೇಕು. ಸಂದನ್ನು ಬೆಸೆಯುವ ಹೊಣೆ ಈಗ ಪೂರ್ತಿ ಅವನ ಮೇಲೆ ಬಿತ್ತು. ಹಾಡುಗಾರಿಕೆ ಬಾರದವನು ನಟನೇ ಅಲ್ಲ ಎಂಬ ಕಾಲ ಬಂತು. ರತ್ನಾವಳಿ ಕಂಪನಿಯ ಎ.ವಿ. ವರದಾಚಾರ್ಯರ ಕೀರ್ತಿ ಬೆಳೆದದ್ದು ಈ ನೆಲದಲ್ಲಿ. ಗುಬ್ಬಿ ಕಂಪನಿಯಲ್ಲಿ ಹೆಸರು ಮಾಡಿದ ಸುಂದರಮ್ಮನವರು ನಮ್ಮ ಮಳವಳ್ಳಿಯವರು.

ಅಷ್ಟೊಂದು ಹಾಡುಗಳಿಗೆ ಧಾಟಿ ಎಲ್ಲಿಂದ ತರುವುದು? ಹಳೆಯ ಅಚ್ಚಿನ ನಾಟಕಗಳನ್ನು ತೆರೆದರೆ ಹಾಡಿನ ನೆತ್ತಿಯ ಮೇಲೆ ರಾಗ, ತಾಳದ ಜೊತೆ 'ಇಂಥ ಹಾಡಿನ ಮಟ್ಟು' ಎಂದಿರುತ್ತದೆ. ಪಾರ್ಸಿ ಕಂಪನಿಯ ಹಾಡು, ಮರಾಠಿ ಪದ, ಊರಿನ ತತ್ವಪದ, ಜನರ ಕಿವಿಯಲ್ಲಿ ಆಗಲೇ ಕೂತಿರುವ ಧಾಟಿಗೆ ಹೊಸ ಮಾತು ಹೊಂದಿಸುವುದು ಪದ್ಧತಿ. ಇದನ್ನು ಕಳ್ಳತನವೆನ್ನುವವರಿಗೆ 1728ರ ಲಂಡನ್ ತೋರಿಸಬೇಕು. ಜಾನ್ ಗೇ ಬರೆದ ಭಿಕ್ಷುಕನ ಆಪೆರಾದಲ್ಲಿ 69 ಹಾಡುಗಳಿವೆ. ಹೆಚ್ಚಿನವು ಆಗ ಬೀದಿಯಲ್ಲಿ ಹಾಡುತ್ತಿದ್ದ ಲಾವಣಿಗಳ ಮಟ್ಟುಗಳು. ಕಳ್ಳರು, ಜೈಲಿನವರು, ಪೇಟೆಯವರು ಪಾತ್ರಗಳು, ನಡುವೆ ಆಡುಮಾತು. ಆ ಮೊದಲ ಹಂಗಾಮಿನಲ್ಲೇ 62 ರಾತ್ರಿ ನಡೆಯಿತು. ಇಂದಿನ ಮ್ಯೂಸಿಕಲ್ಲಿನ, ಅಂದರೆ ಪಶ್ಚಿಮದ ಹಾಡು ನಾಟಕದ, ವಂಶವೃಕ್ಷ ಬರೆಯುವವರೆಲ್ಲ ಇದನ್ನು ಬುಡದ ಹತ್ತಿರ ಇಡುತ್ತಾರೆ. ಗೊತ್ತಿರುವ ಮಟ್ಟು ಕೇಳಿದ ಕೂಡಲೇ ಪ್ರೇಕ್ಷಕನ ಅರ್ಧ ಒಪ್ಪಿಗೆ ಸಿಕ್ಕಿಬಿಡುತ್ತದೆ ಎಂಬುದು ಲಂಡನ್ನಿಗೂ ಗೊತ್ತಿತ್ತು, ಮೈಸೂರಿಗೂ ಗೊತ್ತಿತ್ತು.

ಇನ್ನು ಹಾರ್ಮೋನಿಯಂ. ಪ್ಯಾರಿಸ್ಸಿನಲ್ಲಿ 1842ರಲ್ಲಿ ದೆಬೆಯ್ನ್ ಹಕ್ಕು ಪಡೆದ ಈ ವಾದ್ಯವಿಲ್ಲದೆ ಕಂಪನಿ ನಾಟಕವನ್ನು ಊಹಿಸುವುದಕ್ಕೇ ಆಗುವುದಿಲ್ಲ. ಕಛೇರಿಯವರು ಕೂರಿಸಿಕೊಳ್ಳುವ ಕೈಪೆಟ್ಟಿಗೆ ಬೇರೆ, ನಾಟಕದ ಕಾಲು ಹಾರ್ಮೋನಿಯಂ ಬೇರೆ. ತಿದಿಯನ್ನು ಎರಡು ಪಾದಗಳಿಂದ ತುಳಿಯುವುದರಿಂದ ಎರಡು ಕೈಗಳೂ ಬಿಡುವು. ಬಲಗೈ ಧಾಟಿ ಹಿಡಿದರೆ ಎಡಗೈ ಮಂದ್ರದಲ್ಲಿ ಶ್ರುತಿ ತುಂಬುತ್ತದೆ. ಮೈಕಿಲ್ಲದ ಕಾಲದಲ್ಲಿ ಹಿಂದಿನ ಸಾಲಿಗೆ ಮುಟ್ಟುವಷ್ಟು ನಾದ ಹೀಗೆ ಸಿಗುತ್ತಿತ್ತು. ಅದರ ಮಿತಿಯೂ ರಂಗಗೀತೆಯ ಮೈಕಟ್ಟನ್ನು ರೂಪಿಸಿದೆ. ಸಪ್ತಕಕ್ಕೆ 12 ಮನೆ, ಮನೆಯಿಂದ ಮನೆಗೆ ಜಾರುವ ದಾರಿಯಿಲ್ಲ. ಗಮಕ ಬರುವುದಿಲ್ಲ. ತೋಡಿಯಂಥ ರಾಗ ಅಲ್ಲಿ ಸೊರಗುತ್ತದೆ. ಮೋಹನ, ಬೇಹಾಗ್, ಕಾಪಿ, ಭೀಮಪಲಾಸ್ ಮಿಂಚುತ್ತವೆ. ಬಿಡಿ ಸ್ವರಗಳ ಬಿರುಸಾದ ಓಟ, ಅದೇ ಓಟವನ್ನು ಗಂಟಲಲ್ಲಿ ತರುವ ನಟ: ನಾವು 'ಕಂಪನಿ ಧಾಟಿ' ಎಂದು ಗುರುತಿಸುವುದು ಬಹುಮಟ್ಟಿಗೆ ಈ ಪೆಟ್ಟಿಗೆಯ ಕೊಡುಗೆ.

ಈಗ ಸಂದಿನ ಕೆಲಸವನ್ನು ಹತ್ತಿರದಿಂದ ನೋಡಬಹುದು. ದ್ರೌಪದಿ ಕೃಷ್ಣನ ಎದುರು ಮಾತಾಡುತ್ತ ಹಾಡಿಗೆ ಹೋಗಬೇಕು ಎಂದಿಟ್ಟುಕೊಳ್ಳಿ. ತಿಳಿದ ಹಾರ್ಮೋನಿಯಂ ಮೇಷ್ಟ್ರು ಹಾಡಿನ ಹಿಂದಿನ ಎರಡು ಮೂರು ವಾಕ್ಯ ಇರುವಾಗಲೇ ಷಡ್ಜವನ್ನು ಸಣ್ಣಗೆ ಹಿಡಿಯುತ್ತಾರೆ. ನಟಿಯ ಮಾತಿನ ಕೊನೆಯ ಅಕ್ಷರ ತಾನಾಗಿ ಆ ಸ್ವರದ ಹತ್ತಿರಕ್ಕೆ ಬರುತ್ತದೆ. ಅಲ್ಲಿಂದ ಕಂದ. ಕಂದದ ಮೊದಲ ಸಾಲಿಗೆ ನಾಲ್ಕು ಮಾತ್ರೆಯ ಮೂರು ಗಣ, ಒಟ್ಟು 12 ಮಾತ್ರೆ. ಎರಡನೆಯದಕ್ಕೆ ಐದು ಗಣ, 20 ಮಾತ್ರೆ. ಉತ್ತರಾರ್ಧವೂ ಹಾಗೆಯೇ. ಮೊದಲ ಸಾಲು ಒಂದೇ ಉಸಿರಿಗೆ ಸಲೀಸಾಗಿ ಬರುತ್ತದೆ. ಎರಡನೆಯ ಸಾಲಿನ ನಡುವೆ, ಅಂದರೆ ಅರ್ಧ ಪದ್ಯದ ಆರನೆಯ ಗಣದಲ್ಲಿ, ಲಘು ಗುರು ಲಘುವೋ ನಾಲ್ಕೂ ಲಘುವೋ ಇರಲೇಬೇಕೆಂಬ ನಿಯಮವಿದೆ. ಹೇಳುವವರಿಗೆ ಅಲ್ಲೊಂದು ಹೊರಳು ಸಿಗುತ್ತದೆ. ರಾಗ ಮೇಲಕ್ಕೆ ಹತ್ತಬೇಕಾದ್ದು ಅಲ್ಲಿ, ಉಸಿರು ತೆಗೆಯಬೇಕಾದ್ದು ಅದಕ್ಕೆ ಮುಂಚೆ ಪದ ಒಡೆಯದ ಜಾಗದಲ್ಲಿ. ತಬಲ ಇಷ್ಟು ಹೊತ್ತೂ ಸುಮ್ಮನಿರಬೇಕು. ಕಂದದ ಕೊನೆಯ ಅಕ್ಷರದ ಮೇಲೆ ಒಂದು ಮುಕ್ತಾಯ, ತಕ್ಷಣ ಪಲ್ಲವಿ, ಆಗ ತಾಳ. ಮಾತು, ತಾಳವಿಲ್ಲದ ಪದ್ಯ, ತಾಳದ ಹಾಡು ಎಂಬ ಈ ಮೂರು ಮೆಟ್ಟಿಲಿನಲ್ಲಿ ನಡುವಿನದನ್ನು ಈಗಿನವರು ಹೊತ್ತಾಯಿತೆಂದು ಕಿತ್ತುಹಾಕುತ್ತಾರೆ. ಹೊತ್ತು ಉಳಿಯುವುದು ಒಂದು ನಿಮಿಷ. ಹಾಡು ಮಾತ್ರ ಎಲ್ಲಿಂದಲೋ ತಂದು ಅಂಟಿಸಿದಂತೆ ಕೇಳುತ್ತದೆ. ಕಂದಕ್ಕೆ ಬದಲು ಚಂಪಕಮಾಲೆ, ಮತ್ತೇಭವಿಕ್ರೀಡಿತದಂಥ ವೃತ್ತ ಇಟ್ಟರೆ ಸಾಲಿಗೆ 20, 21 ಅಕ್ಷರ. ಉಸಿರು ಪಳಗದ ಹೊಸಬರಿಗೆ ಅದನ್ನು ಕೊಡಬಾರದು.

ಮಂಡ್ಯದ ನಾಟಕಗಳಲ್ಲಿ ಶ್ರುತಿ ಕೆಡಲು ಒಂದು ನಿಶ್ಚಿತ ಕಾರಣವಿದೆ. ಗಂಡು ಪಾತ್ರಗಳು ಊರಿನವರದು, ಎರಡು ಮೂರು ತಿಂಗಳು ರಾತ್ರಿ ತಾಲೀಮು ಮಾಡಿದವರು. ಸ್ತ್ರೀ ಪಾತ್ರಕ್ಕೆ ಕಲಾವಿದೆಯರು ಹೊರಗಿನಿಂದ, ಕೆಲವೇ ತಾಲೀಮಿಗೆ ಬರುತ್ತಾರೆ. ಅವರ ಶ್ರುತಿ ಐದು ಮನೆ, ಐದೂವರೆ ಮನೆ. ಇವರದು ಒಂದೋ ಎರಡೋ. (ಇಲ್ಲಿ ಎಣಿಸುವುದು ಬಿಳಿ ಮನೆಗಳನ್ನು ಮಾತ್ರ, ಅರ್ಧವೆಂದರೆ ನಡುವಿನ ಕರಿ ಮನೆ.) ಯುಗಳ ಗೀತೆ ಬಂದಾಗ ಮೇಷ್ಟ್ರು ನಡುವಿನ ಯಾವುದೋ ಮನೆ ಹಿಡಿದರೆ ಇಬ್ಬರಿಗೂ ಕಷ್ಟ: ಗಂಡಿಗೆ ತಾರಷಡ್ಜ ಎಟುಕುವುದಿಲ್ಲ, ಹೆಣ್ಣಿಗೆ ಮಂದ್ರ ಇಳಿಯುವುದಿಲ್ಲ. ಇದಕ್ಕೆ ಸರಿಯಾದ ದಾರಿ ಪಂಚಮದ ಮೂಲಕ ದಾಟುವುದು. ಗಂಡಿನ ಷಡ್ಜ ಒಂದು ಮನೆಯಾದರೆ ಅದರ ಪಂಚಮ ಐದು ಮನೆ. ಅವನ ಚರಣವನ್ನು ಪಂಚಮದಲ್ಲಿ ನಿಲ್ಲಿಸಿ, ಆ ಸ್ವರವನ್ನೇ ಎಳೆದು ಹಿಡಿದರೆ ಅದು ಅವಳಿಗೆ ಷಡ್ಜವಾಗುತ್ತದೆ, ಕಿವಿಗೆ ಒದೆಯುವುದಿಲ್ಲ. ಅವನದು ಎರಡು ಮನೆಯಾದರೆ ಅವಳಿಗೆ ಆರು ಮನೆ ಬರುತ್ತದೆ, ಅಷ್ಟು ಮೇಲೆ ಹಾಡುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ತಬಲದವರು ಎರಡು ಶ್ರುತಿಗೆ ಎರಡು ದಾಯಾ (ಬಲಗೈ ತಬಲ) ತರಬೇಕು. ಇಬ್ಬನಿ ಬೀಳುವ ಬಯಲಿನಲ್ಲಿ ನಡುರಾತ್ರಿ ಕಳೆದ ಮೇಲೆ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ, ಹಾರ್ಮೋನಿಯಂ ಇದ್ದಲ್ಲೇ ಇರುತ್ತದೆ. ದೃಶ್ಯ ಬದಲಾಗುವಾಗಲೆಲ್ಲ ಒಮ್ಮೆ ತಟ್ಟಿ ನೋಡುವುದೇ ಇದಕ್ಕೆ ಮದ್ದು.

ಕೃಷ್ಣನ ಪಾತ್ರವನ್ನು ಇಬ್ಬರು ಮೂವರಿಗೆ ಹಂಚುವುದನ್ನು ಹೊರಗಿನವರು ಆಡಿಕೊಳ್ಳುತ್ತಾರೆ. ಪಾತ್ರಕ್ಕೆ ಇಷ್ಟೆಂದು ದುಡ್ಡು ಹಾಕಿ ಊರವರೇ ನಾಟಕ ನಿಲ್ಲಿಸುವಾಗ ಹೆಚ್ಚು ಜನಕ್ಕೆ ಕೃಷ್ಣನಾಗುವ ಆಸೆ ಇರುವುದು ನಿಜ. ಗಂಟಲಿನ ಲೆಕ್ಕವೂ ಅದರಲ್ಲಿದೆ. ಪಳಗದ ಒಂದು ಕಂಠ ಬೆಳಗಿನವರೆಗೆ ಅಷ್ಟು ಕಂದ, ಹಾಡುಗಳನ್ನು ಎಳೆಯಲಾರದು. ಸಂಧಾನದ ಕೃಷ್ಣನಿಗೆ ಬೇಕಾದ ಗತ್ತಿನ ದನಿ ಬೇರೆ, ಮೊದಲ ಕೃಷ್ಣನ ಲಾಲಿತ್ಯ ಬೇರೆ. ದನಿ ನೋಡಿ ಹಂಚಿದ ಮೇಷ್ಟ್ರ ನಾಟಕ ಎದ್ದು ಕಾಣುತ್ತದೆ.

ಪರದೆಯ ಲೆಕ್ಕಾಚಾರಕ್ಕೂ ಹಾಡಿಗೂ ನಂಟಿದೆ. ದರ್ಬಾರ್ ಸೀನು ಹಿಂದೆ ಸಜ್ಜಾಗಬೇಕಾದರೆ ಮುಂದೆ ಬೀದಿ ಪರದೆ ಬಿಟ್ಟು ಹಾಸ್ಯದವರನ್ನೋ ಒಂದು ಯುಗಳ ಗೀತೆಯನ್ನೋ ಕಳಿಸುತ್ತಾರೆ. ನ್ಯೂಯಾರ್ಕಿನ ಹಳೆಯ ಮ್ಯೂಸಿಕಲ್ಲುಗಳೂ ಹೀಗೆ ಮುಂದಿನ ಪರದೆಯ ಮುಂದೆ ಹಾಡು ಹಾಡಿಸಿ ಹಿಂದೆ ಸೆಟ್ ಬದಲಿಸುತ್ತಿದ್ದವು. ಅಲ್ಲಿ ಮೊದಲ ಮ್ಯೂಸಿಕಲ್ ಎಂದು ಹಲವರು ಹೆಸರಿಸುವ ಬ್ಲ್ಯಾಕ್ ಕ್ರೂಕ್ 1866ರ ಸೆಪ್ಟೆಂಬರ್ 12ರಂದು ನಿಬ್ಲೋಸ್ ಗಾರ್ಡನ್ ರಂಗಮಂದಿರದಲ್ಲಿ ತೆರೆಕಂಡಾಗ ಐದೂವರೆ ಗಂಟೆ ನಡೆಯಿತಂತೆ. 474 ಪ್ರದರ್ಶನಗಳ ಉದ್ದಕ್ಕೂ ಅದರ ಹಾಡುಗಳು ಬಂದವು, ಹೋದವು, ಬದಲಾದವು. ಹೆಸರಾದ ಹಾಡನ್ನು ಯಾವ ನಾಟಕಕ್ಕೆ ಬೇಕಾದರೂ ತೂರಿಸುವ ಚಾಳಿ ನಮ್ಮ ಕಂಪನಿಗಳಲ್ಲೂ ಇತ್ತು. ಹಾಡು ಇಂಥ ಪಾತ್ರದ್ದೇ, ಇಂಥ ಗಳಿಗೆಯದೇ ಆಗಿರಬೇಕೆಂಬ ಪಟ್ಟು ಅಲ್ಲಿ ಗಟ್ಟಿಯಾದದ್ದು 1927ರ ಶೋ ಬೋಟ್ ಎಂಬ ಮ್ಯೂಸಿಕಲ್ ನಂತರ.

ನಾಟಕ ಉದ್ದವಾಯಿತು, ಹಾಡು ಕಡಿಮೆ ಮಾಡಬೇಕು ಎಂದಾಗ ಭರತನ ಐದು ಬಗೆ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಪ್ರತಿ ಹಾಡಿನ ಮುಂದೆ ಅದು ಏನು ಮಾಡುತ್ತಿದೆ ಎಂದು ಬರೆಯಬೇಕು: ಒಳಗೆ ತರುತ್ತಿದೆಯೇ, ಹೊರಗೆ ಕಳಿಸುತ್ತಿದೆಯೇ, ಭಾವ ತಿರುಗಿಸುತ್ತಿದೆಯೇ, ತಿಳಿಗೊಳಿಸುತ್ತಿದೆಯೇ, ಪರದೆ ಬದಲಾಗುವ ಹೊತ್ತನ್ನು ಮುಚ್ಚುತ್ತಿದೆಯೇ. ಎರಡು ಕೆಲಸ ಮಾಡುವ ಹಾಡನ್ನು ಮುಟ್ಟಬಾರದು. ಒಂದೂ ಮಾಡದ ಹಾಡು ಎಷ್ಟೇ ಇಂಪಾಗಿದ್ದರೂ ಹೋಗಲಿ. ಒನ್ಸ್ ಮೋರ್ ಬಂದಾಗ ಪಲ್ಲವಿಯಿಂದ ಪೂರ್ತಿ ಹಾಡದೆ ಕೊನೆಯ ಚರಣವನ್ನಷ್ಟೇ ಹೇಳಿ ಮಾತಿಗೆ ಇಳಿದರೆ ದೃಶ್ಯ ಉಳಿಯುತ್ತದೆ. ಇನ್ನೊಂದು ಕಾಟ ಮೈಕು. ರಂಗದ ಅಂಚಿನಲ್ಲಿ ಕೋಲು ಮೈಕು ನಿಲ್ಲಿಸಿದ ಮೇಲೆ ಎಲ್ಲರೂ ಅದರ ಎದುರು ಸಾಲಾಗಿ ನಿಲ್ಲುತ್ತಾರೆ, ಕಾಲು ಕಟ್ಟಿಹಾಕಿದಂತೆ. ಮೇಲಿನಿಂದ ಇಳಿಬಿಟ್ಟ ಮೈಕಿನ ಅಡಿಯಲ್ಲಿ ತಾಲೀಮು ಮಾಡಿಸಿದರೆ ಓಡಾಟ ವಾಪಸು ಬರುತ್ತದೆ.

ಇಪ್ಪತ್ತನೆಯ ಶತಮಾನದ ಹವ್ಯಾಸಿಗಳು ಹಾಡನ್ನು ದೂರ ಇಟ್ಟರು. ಮನೆಯ ಹಜಾರದಲ್ಲಿ ನಡೆಯುವ ಸಾಮಾಜಿಕ ನಾಟಕದಲ್ಲಿ ಹಾಡು ಸಲ್ಲದು ಎಂಬ ಅವರ ವಾದದಲ್ಲಿ ಹುರುಳಿತ್ತು, ಆದರೆ ಒಂದೆರಡು ತಲೆಮಾರಿನ ನಟರಿಗೆ ಹಾಡುವ ಕಂಠವೇ ತಪ್ಪಿಹೋಯಿತು. ಗುಬ್ಬಿ ಕಂಪನಿಯಲ್ಲಿ ಬೆಳೆದ ಬಿ.ವಿ. ಕಾರಂತರು ಮತ್ತೆ ಹಾಡು ತಂದರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದಾಗ ನಟರಿಗೆ ಹಾಡು, ವಾದ್ಯ, ಮೈ ಮೂರೂ ಕೂಡಿ ಬರಬೇಕೆಂದು ಹಟ ಹಿಡಿದರು.

ಮಂಡ್ಯ ಜಿಲ್ಲೆಯ ಮೇಲುಕೋಟೆಯ ಕವಿ ಪು.ತಿ.ನ. ಅವರದು ಇನ್ನೊಂದು ದಾರಿ. ಅಹಲ್ಯೆ, ಗೋಕುಲ ನಿರ್ಗಮನದಂಥ ಗೀತನಾಟಕಗಳಲ್ಲಿ ಮಾತು ಹಾಡಿನೊಳಕ್ಕೆ ಬಹುಪಾಲು ಕರಗಿಬಿಡುತ್ತದೆ. ಫ್ಲಾರೆನ್ಸಿನವರು ಹುಡುಕಿದ್ದಕ್ಕೆ ಕನ್ನಡದಲ್ಲಿ ತೀರ ಹತ್ತಿರ ಬಂದದ್ದು ಇವು ಎಂದು ನನಗನ್ನಿಸುತ್ತದೆ. ಪು.ತಿ.ನ.ಗೆ ರಾಗಗಳು ಚೆನ್ನಾಗಿ ಗೊತ್ತಿದ್ದವು, ಹೊಸ ರಾಗಗಳನ್ನು ಕಟ್ಟುವ ಹುಮ್ಮಸ್ಸೂ ಇತ್ತು. ಗೋಕುಲ ನಿರ್ಗಮನವನ್ನು ಕಾರಂತರು ರಂಗಕ್ಕೆ ತಂದು ಅದು ಓದುವ ಕವಿತೆಯಷ್ಟೇ ಅಲ್ಲ, ಆಡುವ ನಾಟಕವೆಂದು ತೋರಿಸಿದರು. ಇದನ್ನು ಕೈಗೆತ್ತಿಕೊಳ್ಳುವ ಕಾಲೇಜು ತಂಡಗಳು ಸಾಮಾನ್ಯವಾಗಿ ಎಡವುವುದು ಒಂದೇ ಕಡೆ: ಒಳ್ಳೆಯ ಗಾಯಕರನ್ನು ಪಕ್ಕದಲ್ಲಿ ಕೂರಿಸಿ, ಮುಂದೆ ಹುಡುಗರನ್ನು ಕುಣಿಸುತ್ತಾರೆ. ಅದು ಮೂಡಲಪಾಯದ ಪದ್ಧತಿ. ಅಲ್ಲಿ ಪದದ ನಂತರ ಪಾತ್ರಧಾರಿಗೆ ಅರ್ಥ ಹೇಳುವ ಮಾತಿದೆ, ಇಲ್ಲಿ ಹಾಡೇ ಮಾತು. ಹಾಡುವ ಬಾಯಿ ಪಾತ್ರದ್ದೇ ಆಗಿರಬೇಕು. ಅದಕ್ಕೆ ಮೊದಲ ಕೆಲವು ವಾರ ರಾಗ ಮುಟ್ಟದೆ, ಸಾಲುಗಳನ್ನು ಬರಿಯ ಮಾತಾಗಿ ಆಡಿಸಿ, ಒತ್ತು ಬೀಳುವ ಅಕ್ಷರಗಳನ್ನು ಗುರುತು ಮಾಡಿಕೊಂಡು, ಆಮೇಲೆ ಶ್ರುತಿಪೆಟ್ಟಿಗೆ ಹಚ್ಚಬೇಕು.